ಕಂದಿನ ಜೊತೆ ಬಂದ ರೋಗ: ಬಾಳೆಯ ಸೊರಗಿನ ಕಥೆ

ಪುಣೆಯಲ್ಲಿ ಬಾಳೆಹಣ್ಣು ಕೊಳ್ಳೋರಿಗೆ ಗೊತ್ತು, ಗಾಡಿ ತುಂಬ ಇರೋದು ಜಳಗಾಂವ್ ಕಡೆಯ ಕ್ಯಾವೆಂಡಿಶ್, ಅಂದ್ರೆ ನಮ್ಮ ಪಚ್ಚಬಾಳೆ ಜಾತಿ. ನಾನು ನಂಜನಗೂಡು ಕಡೆಯವನು. ನಮ್ಮ ತೋಟದ ರಸಬಾಳೆ ಸೊರಗು ರೋಗಕ್ಕೆ ಹೋಗಿ ಬಹಳ ವರ್ಷ ಆಯ್ತು. ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿ, "ಒಬ್ರ ತೋಟದಲ್ಲಿ ರಸಬಾಳೆ ಕಂದು ಸಿಕ್ತವೆ ಕಣೋ, ತರ್ಲಾ?" ಅಂದ್ರು. ಬೇಡ ಅಂದೆ. ಯಾಕೆ ಅಂತ ಹೇಳೋಕೆ ಈ ಇತಿಹಾಸ.

ರೋಗವನ್ನು ಮೊದಲು ದಾಖಲಿಸಿದ್ದು 1876ರಲ್ಲಿ, ಆಸ್ಟ್ರೇಲಿಯಾದಲ್ಲಿ. ಹೆಸರು ಅಂಟಿಕೊಂಡಿದ್ದು ಪನಾಮಾದ್ದು. ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತೆ. ಎಲೆ ಹಳದಿಯಾಗಿ ಕಾಂಡದ ಸುತ್ತ ಜೋತುಬೀಳುತ್ತೆ. ಗಿಡ ಸತ್ತ ಮೇಲೂ ಬೀಜಕಣಗಳು ಮಣ್ಣಲ್ಲಿ ದಶಕಗಟ್ಟಲೆ ಉಳೀತವೆ. ಸಿಂಪಡಿಸಿ ಗುಣಪಡಿಸೋ ಔಷಧಿ ಇವತ್ತಿಗೂ ಇಲ್ಲ.

ಮಧ್ಯ ಅಮೆರಿಕದ ರಫ್ತು ತೋಟಗಳಲ್ಲಿ ಆಗ ಇದ್ದದ್ದು ಗ್ರೋ ಮಿಶೆಲ್ ಅನ್ನೋ ಒಂದೇ ತಳಿ. ಕಂದಿನಿಂದ ಕಂದು, ಎಲ್ಲಾ ಒಂದೇ ಗಿಡದ ನಕಲು. ಸಾವಿರ ಸರ್ವರ್‌ಗೆ ಒಂದೇ ಇಮೇಜ್ ಹಾಕಿದ ಹಾಗೆ, ಒಂದು ಬಿದ್ರೆ ಎಲ್ಲಾ ಬೀಳ್ತವೆ. ಯುನೈಟೆಡ್ ಫ್ರೂಟ್ ಕಂಪನಿ ಕಂಡುಕೊಂಡ ದಾರಿ ಓಡೋದು: ರೋಗದ ತೋಟ ಬಿಡು, ಕಾಡು ಕಡಿ, ಹೊಸದು ನೆಡು. ಆದರೆ ನೆಡೋಕೆ ಒಯ್ದ ಕಂದುಗಳ ಜೊತೆ ರೋಗವೂ ಪಯಣಿಸಿತು. ಹೊಂಡುರಾಸ್‌ನಲ್ಲಿ ತೋಟಗಳಿಗೆ ಏರಿ ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸಿದರು. ಕೆಲವು ವರ್ಷಕ್ಕೆ ರೋಗ ವಾಪಸ್. ಕೊನೆಗೆ 1960ರ ದಶಕದ ಹೊತ್ತಿಗೆ ಕ್ಯಾವೆಂಡಿಶ್‌ಗೆ ಬದಲಾದರು. ಅದರ ಸಿಪ್ಪೆ ಬಲು ನಾಜೂಕು, ಇಡೀ ಗೊನೆ ಸಾಗಿಸೋದು ಬಿಟ್ಟು ಪೆಟ್ಟಿಗೆ ಹಿಡಿಯಬೇಕಾಯ್ತು. ಒಂದು ತಳಿ ಹೋಗಿ ಇನ್ನೊಂದೇ ತಳಿ ಬಂತು, ಪಾಠ ಕಲಿತದ್ದು ಅಷ್ಟೇ!

ಆ ಕ್ಯಾವೆಂಡಿಶನ್ನೂ ಕೊಲ್ಲುವ ಟಿಆರ್-4 ತೈವಾನ್‌ನಲ್ಲಿ ಕಾಣಿಸಿತು. 2013ರಲ್ಲಿ ಮೊಜಾಂಬಿಕ್, 2019ರಲ್ಲಿ ಕೊಲಂಬಿಯಾ. ನಮ್ಮ ಬಿಹಾರಕ್ಕೂ ಬಂದಿದೆ.

ನನಗೆ ಇಷ್ಟವಾದದ್ದು ಕ್ವೀನ್ಸ್‌ಲ್ಯಾಂಡಿನ ಟಲ್ಲಿ ಕಣಿವೆ. 2015ರಲ್ಲಿ ಒಂದು ತೋಟದಲ್ಲಿ ರೋಗ ಸಿಕ್ಕಿದ್ದೇ ತಡ ಬೇಲಿ ಹಾಕಿದರು, ಬೂಟು, ಚಕ್ರ, ಸಲಕರಣೆ ಎಲ್ಲಾ ತೊಳೆಸಿದರು. ಮುಂದಿನ ವರ್ಷ ಬೆಳೆಗಾರರ ಸಂಘವೇ ಆ ತೋಟವನ್ನು ಕೊಂಡು ಗಿಡ ನಾಶಮಾಡಿತು. ರೋಗ ಪೂರ್ತಿ ಹೋಗಲಿಲ್ಲ, ಆಮೇಲೆ ಇನ್ನೂ ಕೆಲವು ತೋಟಗಳಲ್ಲಿ ಸಿಕ್ಕಿತು. ಆದರೆ ಮಧ್ಯ ಅಮೆರಿಕದ ಥರ ಕಣಿವೆ ಖಾಲಿಯಾಗಲಿಲ್ಲ.

ರಸಬಾಳೆಯನ್ನು ತಿಂದದ್ದು ಟಿಆರ್-4 ಅಲ್ಲ, ಹಳೇ ಸೊರಗು. ದಾರಿ ಮಾತ್ರ ಅದೇ: ಕಂದು, ಮಣ್ಣು, ಹರಿಯೋ ನೀರು. ನೋಡೋಕೆ ಆರೋಗ್ಯವಾಗಿರೋ ಕಂದಿನೊಳಗೂ ರೋಗ ಇರಬಹುದು. "ಹಂಗಾದ್ರೆ ಟಿಶ್ಯೂ ಕಲ್ಚರ್ ಸಸಿ ತರ್ತೀನಿ" ಅಂದ್ರು ಚಿಕ್ಕಪ್ಪ. ಸಸಿ ಶುದ್ಧ ಸರಿ, ನಮ್ಮ ಹಳೇ ತೋಟದ ಮಣ್ಣು? ಅರ್ಧ ಗಂಟೆ ವಾದ ಆಯ್ತು. ಕೊನೆಗೆ, ಯಾವತ್ತೂ ಬಾಳೆ ಹಾಕದ ಮೇಲಿನ ಹೊಲದಲ್ಲಿ ಐವತ್ತು ಸಸಿ ಅಂತ ಒಪ್ಪಿದ್ರು. ಗುದ್ದಲಿ ಬೇರೆ, ಚಪ್ಪಲಿ ಬೇರೆ, ಕೆಳಗಿನ ತೋಟದ ನೀರು ಅತ್ತ ಹಾಯಿಸೋ ಹಾಗಿಲ್ಲ.

ಹಿಂದಿನಿಂದ ಚಿಕ್ಕಮ್ಮನ ದನಿ: "ಹೊಲಕ್ಕೂ ದೇವಸ್ಥಾನದ ಥರ ಚಪ್ಪಲಿ ಬಿಟ್ಟು ಹೋಗ್ಬೇಕೇನೋ?"

ಹೂಂ ಚಿಕ್ಕಮ್ಮ, ಅಂದೆ.