ಪದ್ಮಾಳ ಹೆಸರು, ಸುಂದರಲಾಲನ ಹಸಿರು ಬಾಗಿಲು: ಒಂದು ಪೂರ್ವಜನ್ಮ ಸ್ಮರಣೆಯ ಮರುಪರಿಶೀಲನೆ

1926ರ ಆಗಸ್ಟ್ 1ರಂದು ಬರೇಲಿಯ ವಕೀಲ ಕೆ.ಕೆ.ಎನ್. ಸಹಾಯ್ ಐದೂವರೆ ವರ್ಷದ ಬಾಲಕನೊಬ್ಬನನ್ನು, ಅವನ ತಂದೆ ಹಾಗೂ ಅಣ್ಣನ ಸಮೇತ, ಪೀಲಿಭೀತಿಗೆ ಕರೆದೊಯ್ದರು. ಬರೇಲಿಯ ರೈಲ್ವೆ ಗುಮಾಸ್ತರ ಮಗನಾದ ಆ ಬಿಷನ್ ಚಂದ್, ಹಿಂದಿನ ಜನ್ಮದಲ್ಲಿ ತಾನು ಪೀಲಿಭೀತಿಯ ಜಮೀನ್ದಾರರ ಮಗ ಲಕ್ಷ್ಮೀನಾರಾಯಣನಾಗಿದ್ದೆ ಎಂದು ಮಾತು ಕಲಿತ ಕಾಲದಿಂದಲೂ ಹೇಳುತ್ತಿದ್ದ. ಲಕ್ಷ್ಮೀನಾರಾಯಣ ಸಂಗೀತ, ಮದ್ಯ, ನಾಚ್ ಮೆಹಫಿಲ್‌ಗಳಲ್ಲಿ ಮುಳುಗಿದ್ದ ರಸಿಕ. ಪದ್ಮಾ ಎಂಬ ಗಾಯಕಿಯನ್ನು ಒಲಿದಿದ್ದ. ಅವಳ ಮನೆಯಿಂದ ಹೊರಬಂದವನೊಬ್ಬನನ್ನು ಗುಂಡಿಕ್ಕಿ ಕೊಂದು, ಮನೆತನದ ಪ್ರಭಾವದಿಂದ ಪಾರಾಗಿದ್ದ. 1918ರ ಡಿಸೆಂಬರ್‌ನಲ್ಲಿ, 32ರ ವಯಸ್ಸಿನಲ್ಲಿ, ತೀರಿಕೊಂಡ.

ಈ ಪ್ರಕರಣದ ಸಾಹಿತ್ಯ ಸುಪರಿಚಿತ. ಸಹಾಯ್ 1927ರಲ್ಲಿ ತಮ್ಮ ಪುಸ್ತಿಕೆಯಲ್ಲಿ ಇದನ್ನು ಪ್ರಕಟಿಸಿದರು. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್ ಸಾಕ್ಷಿಗಳನ್ನು ಮತ್ತೆ ಕಂಡು, 1975ರ ತಮ್ಮ ಭಾರತೀಯ ಪ್ರಕರಣಗಳ ಸಂಪುಟದಲ್ಲಿ ಸೇರಿಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ಅವರ 1990ರ ಗ್ರಂಥ ಇಂಥ ಪ್ರಕರಣಗಳ ಅಧ್ಯಯನವನ್ನು ಮುಂದುವರಿಸಿತು. ಮದರಾಸಿನ ಸಿ.ಟಿ.ಕೆ. ಚಾರಿ ಇವೆಲ್ಲ ಪುನರ್ಜನ್ಮವನ್ನು ನಂಬುವ ಸಮಾಜ ರೂಪಿಸಿದ ಕಥನಗಳೆಂದರು. ಬಡ ಮಕ್ಕಳು ಸಿರಿವಂತರ ಬದುಕನ್ನೇ ನೆನೆಯುವುದೇಕೆ ಎಂದು ಇಯಾನ್ ವಿಲ್ಸನ್ ಕೇಳಿದರು. ಈ ವಾಗ್ವಾದವನ್ನು ಇಲ್ಲಿ ಮರಳಿ ನಡೆಸಬೇಕಿಲ್ಲ.

ಚರ್ಚೆಗೆ ಬರಬೇಕಾದ ಪ್ರಶ್ನೆ ಬೇರೆ: ಹುಡುಗನ ಹೇಳಿಕೆಗಳಲ್ಲಿ ಯಾವುದಕ್ಕೆ ತೂಕ ಹೆಚ್ಚು? ಈ ಪ್ರಕರಣವನ್ನು ಎತ್ತಿಹಿಡಿಯುವವರು ಸಾಮಾನ್ಯವಾಗಿ ಮೂರು ಸಂಗತಿಗಳನ್ನು ಮುಂದಿಡುತ್ತಾರೆ. ಪೀಲಿಭೀತಿಯಲ್ಲಿ ಜನ ಕೆಣಕಿ ಕೇಳಿದಾಗ ಹುಡುಗ ಹಿಂಜರಿಯುತ್ತಲೇ ಪದ್ಮಾಳ ಹೆಸರು ಹೇಳಿದ. ಕಲಿಯದೆಯೇ ತಬಲಾ ನುಡಿಸಿದ. ಕೊಲೆಯ ಬಗ್ಗೆ ಜಂಬದಿಂದ ಮಾತಾಡಿದ. ಇವು ಅಂತರಂಗದ ಸಂಗತಿಗಳು, ಪರವೂರಿನ ಮಗುವಿಗೆ ತಿಳಿಯುವಂಥವಲ್ಲ ಎಂಬುದು ಅವರ ತರ್ಕ. ಪ್ರಸ್ತುತ ಲೇಖನ ಇದನ್ನು ಒಪ್ಪುವುದಿಲ್ಲ.

ಪ್ರೇಮವೆಂದರೆ ಗುಟ್ಟು ಎಂಬ ನಮ್ಮ ಕಾಲದ ಎಣಿಕೆಯನ್ನು ಆ ಕಾಲದ ಉತ್ತರ ಭಾರತಕ್ಕೆ ಹಚ್ಚಲಾಗದು. ತವಾಯಫಳ, ಅಂದರೆ ವೃತ್ತಿನಿರತ ಗಾಯಕಿ-ನರ್ತಕಿಯ, ಮನೆಯಾದ ಕೋಠಾ ಗುಪ್ತ ಸ್ಥಳವಾಗಿರಲಿಲ್ಲ. ವೀಣಾ ತಲ್ವಾರ್ ಓಲ್ಡನ್‌ಬರ್ಗ್ ತೋರಿಸಿರುವಂತೆ ಲಖನೌದ ಗಾಯಕಿಯರು 19ನೇ ಶತಮಾನದಲ್ಲೇ ಪೌರಸಭೆಯ ತೆರಿಗೆ ಲೆಕ್ಕದಲ್ಲಿ ಮೇಲಿನ ವರ್ಗದಲ್ಲಿದ್ದರು. 1902ರಲ್ಲಿ ಗಾಯಕಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ಧ್ವನಿಮುದ್ರಣಕ್ಕೆ ಹಾಡಿದರು. ಆಮೇಲೆ ಮೆಹಫಿಲ್‌ನ ಹಾಡು ಗ್ರಾಮಫೋನ್ ಏರಿ ಮನೆಗಳಿಗೆ ಬಂತು. ಯಾವ ಜಮೀನ್ದಾರ ಯಾರ ಕೋಠಾಕ್ಕೆ ಹೋಗುತ್ತಾನೆಂಬುದು ಅವನ ಅಂತಸ್ತಿನ ಪ್ರದರ್ಶನವೂ ಆಗಿತ್ತು. ಅದರ ಜೊತೆಗೆ ಒಂದು ಕೊಲೆಯೂ ಸೇರಿದರೆ ಆ ಹೆಸರು ಸುಮಾರು 50 ಕಿ.ಮೀ. ದೂರದ ಬರೇಲಿಯನ್ನು, ಅದರಲ್ಲೂ ರೈಲ್ವೆ ನೌಕರರ ಮನೆಯನ್ನು, ತಲುಪುವುದು ಅಸಾಧ್ಯವೇನಲ್ಲ.

ಈ ವಾದಕ್ಕೆ ಸಹಾಯ್ ಅವರ ಪುಸ್ತಿಕೆಯಲ್ಲೇ ಒಂದು ಆಧಾರವಿದೆ. ಅವರು ದಾಖಲಿಸಿದ ಇನ್ನೊಂದು ಪ್ರಕರಣ ಸ್ವಂತ ಮಗನದು. ಆ ಹುಡುಗ ತಾನು ಕಾಶಿಯಲ್ಲಿ ‘ಬಾಬು’ ಒಬ್ಬರ ಮಗನಾಗಿದ್ದೆ ಎನ್ನುತ್ತಿದ್ದ. ಆ ಬಾಬುವಿಗೆ ಮೋಟಾರು ಕಾರಿತ್ತು, ಭಂಗಿಯ ಚಟವಿತ್ತು, ಭಗವತಿ ಎಂಬ ಗಾಯಕಿಯ ಹಾಡು ಕೇಳುವ ರೂಢಿಯಿತ್ತು. ಒಂದೇ ಊರು, ಒಂದೇ ವರ್ಷ, ಒಬ್ಬರೇ ದಾಖಲೆಕಾರರು, ಎರಡೂ ನೆನಪುಗಳಲ್ಲಿ ಹೆಸರುಳ್ಳ ಒಬ್ಬೊಬ್ಬ ಗಾಯಕಿ. ಸಿರಿವಂತ ಮನೆಯನ್ನು ಮಾತಿನಲ್ಲಿ ಚಿತ್ರಿಸುವಾಗ ಗಾಯಕಿಯ ಹೆಸರು ತಾನಾಗಿ ಬರುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಕುರುಹು ಸಿಗುವುದು ಕಷ್ಟ. ಎರಡೇ ಪ್ರಕರಣಗಳ ಮೇಲೆ ನಿಯಮ ಕಟ್ಟಲಾಗದು, ನಿಜ. ಆದರೂ ಅನುಮಾನಕ್ಕೆ ಇಷ್ಟು ಸಾಕು.

ತಬಲಾದ ಮಾತೂ ಹೀಗೆಯೇ. ಹುಡುಗ ಅದನ್ನು ಮೊದಲು ಕಂಡೇ ಇರಲಿಲ್ಲ ಎಂಬ ಹೇಳಿಕೆಯನ್ನು, ಮದುವೆಗೂ ಭಜನೆಗೂ ತಬಲಾ ಕೇಳಿಬರುತ್ತಿದ್ದ ಸೀಮೆಯಲ್ಲಿ, ಸುಲಭವಾಗಿ ಒಪ್ಪಲಾಗದು. ‘ನುಡಿಸಿದ’ ಎಂಬುದೂ ಸಾಲದು. ತೀನ್‌ತಾಲದ ಹದಿನಾರು ಮಾತ್ರೆಗಳನ್ನು ಹಿಡಿದು, ಒಂಬತ್ತನೆಯದರಲ್ಲಿ ಖಾಲಿ ತೋರಿಸಿ, ಎಡಗೈಯ ಬಾಯಾದ ಗುಂಜನವನ್ನು ತಡೆದು, ಮೊದಲ ಮಾತ್ರೆಯಾದ ಸಮ್‌ಗೆ ಮರಳಿದನೇ? ಅಥವಾ ಲಯಜ್ಞಾನವುಳ್ಳ ಮಗು ಕೈಯಾಡಿಸಿದಂತೆ ಬಡಿದನೇ? ಕಲಿತ ಕೈಯನ್ನು ಗುರುತಿಸುವ ಕಿವಿ ಅಲ್ಲಿದ್ದರೆ ಮಾತ್ರ ಅದು ಸಾಕ್ಷ್ಯ.

ಹಾಗಾದರೆ ಉಳಿಯುವುದೇನು? ಹುಡುಗ ಹೇಳಿದ್ದ ಇತರ ವಿವರಗಳು: ಲಕ್ಷ್ಮೀನಾರಾಯಣನ ನೆರೆಮನೆಯ ಸುಂದರಲಾಲ, ಅವನ ಮನೆಯ ಹಸಿರು ಬಾಗಿಲು, ಅವನ ಬಳಿಯಿದ್ದ ಖಡ್ಗ ಮತ್ತು ಬಂದೂಕು. ಇವುಗಳಲ್ಲಿ ರಸವಿಲ್ಲ, ಹರಟೆಯಲ್ಲಿ ಊರಿಂದೂರಿಗೆ ಹರಿದುಬರಲು ಕಾರಣವೂ ಇಲ್ಲ. ಪುನರ್ಜನ್ಮದ ಪರವಾಗಿ ಈ ಪ್ರಕರಣದಲ್ಲಿ ಏನಾದರೂ ಸಾಕ್ಷ್ಯವಿದ್ದರೆ ಅದು ಮೆಹಫಿಲ್‌ನಲ್ಲಿ ಅಲ್ಲ, ಈ ಬಾಗಿಲಿನಲ್ಲಿದೆ ಎಂಬುದು ಈ ಲೇಖನದ ವಾದ. ಇದನ್ನು ಮಿತಿಗಳೊಡನೆಯೇ ಹೇಳಬೇಕು. ಬಾಗಿಲಿನ ಬಣ್ಣವೂ ಯಾರದೋ ಬಾಯಿಂದ ಬಂದಿರಬಹುದು. ಹರ್‌ನಾರಾಯಣ ಎಂಬವರನ್ನು ಹುಡುಗ ಚಿಕ್ಕಪ್ಪ ಎಂದಿದ್ದ; ಅವರು ಲಕ್ಷ್ಮೀನಾರಾಯಣನ ತಂದೆ. ಕೇಳಿ ಕಲಿತ ಪಾಠದಲ್ಲಿ ಇಂಥ ತಪ್ಪು ನುಸುಳಬಹುದು, ಮಸುಕಾದ ನೆನಪಿನಲ್ಲೂ ನುಸುಳಬಹುದು. ಹಾಗಾಗಿ ಅದು ಯಾವ ಪಕ್ಷಕ್ಕೂ ನೆರವಾಗದು.

ಆಸೆಪೂರೈಕೆ ಎಂಬ ವಿಲ್ಸನ್ ಜಾಡಿನ ವಿವರಣೆಗೂ ಒಂದು ತೊಡಕಿದೆ. ಸ್ಟೀವನ್ಸನ್ ಕೊಡುವ ವಿವರದಂತೆ 23ರ ಪ್ರಾಯದಲ್ಲಿ ಬಿಷನ್ ಚಂದ್ ಆಕಸ್ಮಿಕವಾಗಿ ಪದ್ಮಾಳನ್ನು ಕಂಡು, ಭಾವಾವೇಗಕ್ಕೆ ಮೂರ್ಛೆಹೋದ. ಆಕೆಗೆ ಆಗ 52. ಅಂದು ಸಂಜೆ ಅವನು ಮದ್ಯದ ಬಾಟಲಿಯೊಡನೆ ಅವಳ ಮನೆಗೆ ಹೋದಾಗ, ನಾನು ನಿನ್ನ ತಾಯಿಯ ವಯಸ್ಸಿನವಳು ಎಂದು ಹೇಳಿ, ಬಾಟಲಿ ಒಡೆದು, ವಾಪಸು ಕಳುಹಿಸಿದಳು. ಜಮೀನ್ದಾರನ ಐಶ್ವರ್ಯವನ್ನು ಬಯಸಿದ ಬಡ ಬಾಲಕನ ಕಲ್ಪನೆ ಬೆಳೆದ ಮೇಲೂ ಇಷ್ಟು ತೀವ್ರವಾಗಿ ಉಳಿಯುವುದೇಕೆ? ಬಾಲ್ಯದುದ್ದಕ್ಕೂ ಹಿರಿಯರು ಕೇಳಿ ಕೇಳಿ ಹೇಳಿಸಿದ ಕಥೆ ಅವನದೇ ಆಗಿಹೋಗಿತ್ತು ಎನ್ನಬಹುದು. ಆದರೆ ಅದು ಈಗಿನ ಮಟ್ಟಿಗೆ ಊಹೆ.

ಮುಂದಿನ ಕೆಲಸ ಎರಡು ಕಡೆ ಇದೆ. ಪೀಲಿಭೀತಿಗೆ ಹೋಗುವ ಮುನ್ನ ದಾಖಲಾದ ಹೇಳಿಕೆಗಳನ್ನು ಅನಂತರದವುಗಳಿಂದ ಬೇರ್ಪಡಿಸಿ, ಪ್ರತಿಯೊಂದೂ ಊರಮಾತಾಗಿ ಹರಡುವಂಥದೇ ಎಂದು ತೂಗಬೇಕು. ಆ ಕೊಲೆ ಬರೇಲಿಯಲ್ಲಿ ಎಷ್ಟರ ಮಟ್ಟಿಗೆ ಸುದ್ದಿಯಾಗಿತ್ತು ಎಂಬುದನ್ನು ಅಂದಿನ ಹಿಂದಿ, ಉರ್ದು ಪತ್ರಿಕೆಗಳಲ್ಲಿ ಹುಡುಕಬೇಕು. ಅಲ್ಲಿ ಪದ್ಮಾಳ ಹೆಸರು ಅಚ್ಚಾಗಿದ್ದರೆ ಇಲ್ಲಿಯ ವಾದ ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ಸಡಿಲಗೊಳ್ಳುತ್ತದೆ.