ಕೆಂಪಿನೊಳಗೆ ಕಾಣದ ನೀಲಿ

ಆನಂದ್ ಪಟವರ್ಧನ್ ಅವರ ಸಾಕ್ಷ್ಯಚಿತ್ರಗಳ ಮಾತು ಬಂದರೆ ನಮ್ಮ ಪ್ರಗತಿಪರರು 'ರಾಮ್ ಕೆ ನಾಮ್' (1992) ಹತ್ತಿರವೇ ನಿಂತುಬಿಡುತ್ತಾರೆ. ಜೆಪಿ ಚಳವಳಿಯ ಬಿಹಾರದಿಂದ ಹಿಡಿದು ಭಾರತ–ಪಾಕಿಸ್ತಾನಗಳ ಅಣುಬಾಂಬಿನವರೆಗೆ ಅವರ ಕ್ಯಾಮೆರಾ ಓಡಾಡಿದೆ, ನಿಜ. ಆದರೆ ದಲಿತ ವಿಮರ್ಶೆ ಕೇಳಬೇಕಾದ ಪ್ರಶ್ನೆ ಇರುವುದು ಬೇರೆ ಎರಡು ಚಿತ್ರಗಳ ನಡುವೆ.

1985ರ 'ಹಮಾರಾ ಶಹರ್' ಮುಂಬೈ ಕೊಳೆಗೇರಿಗಳನ್ನು ಕೆಡವಿದ ಕಥೆ. ಅದರಲ್ಲಿ ವಿಲಾಸ್ ಘೋಗ್ರೆ ಹಾಡುತ್ತಾರೆ. ನೋಡುವವರಿಗೆ ಅವರು ಬಡವರ ಹಾಡುಗಾರ, ಅಷ್ಟೆ. ಜಾತಿಯ ಪ್ರಶ್ನೆ ಮುನ್ನೆಲೆಗೆ ಬರುವುದೇ ಇಲ್ಲ. ಆ ಕಾಲದ ಎಡಪಂಥದ ಕಣ್ಣೇ ಹಾಗಿತ್ತಲ್ಲ!

1997ರ ಜುಲೈ 11. ಘಾಟ್ಕೋಪರ್‌ನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ಜನ ರಸ್ತೆಗಿಳಿದರು. ಪೊಲೀಸರ ಗುಂಡಿಗೆ ಹತ್ತು ಜನ ಸತ್ತರು. ನಾಲ್ಕು ದಿನದ ನಂತರ ಘೋಗ್ರೆ ನೇಣು ಹಾಕಿಕೊಂಡರು. ಹಣೆಗೆ ಕಟ್ಟಿಕೊಂಡಿದ್ದದ್ದು ಕೆಂಪು ಬಟ್ಟೆಯಲ್ಲ, ನೀಲಿ.

ಪಟವರ್ಧನ್ ಆಮೇಲೆ ಹದಿನಾಲ್ಕು ವರ್ಷ ಚಿತ್ರೀಕರಿಸಿದರು. ಗುಂಡಿಗೆ ಆದೇಶ ಕೊಟ್ಟ ಅಧಿಕಾರಿಗೆ 2009ರಲ್ಲಿ ಜೀವಾವಧಿ ಶಿಕ್ಷೆಯಾಯಿತು, ಜಾಮೀನೂ ಸಿಕ್ಕಿತು. 2011ರಲ್ಲಿ ಬಂದ 'ಜೈ ಭೀಮ್ ಕಾಮ್ರೇಡ್' ಮೂರು ಗಂಟೆಗೂ ಮಿಕ್ಕಿದ್ದು. ಅದರಲ್ಲಿ ಘೋಗ್ರೆ ಮತ್ತೆ ಹಾಡುತ್ತಾರೆ, ಈ ಸಲ ದಲಿತ ಶಾಹೀರರಾಗಿ. ಸವರ್ಣ ನಿರ್ದೇಶಕನೊಬ್ಬ ತನ್ನ ಹಳೇ ಚಿತ್ರವನ್ನು ತಾನೇ ತಿದ್ದಿ ಓದಿದ್ದು ದೊಡ್ಡದೇ. ಆದರೆ ಆ ನೀಲಿ ಕಾಣೋದಕ್ಕೆ ಒಂದು ಹೆಣ ಬೇಕಾಯಿತೇ ಅನ್ನೋದನ್ನೂ ನಾವು ಕೇಳಲೇಬೇಕು.

ಅದೇ ಚಿತ್ರದಲ್ಲಿ ಹಾಡಿದ ಕಬೀರ್ ಕಲಾ ಮಂಚ್‌ನ ಹುಡುಗ ಹುಡುಗಿಯರು ಬಂಧನದ ಭಯಕ್ಕೆ ತಲೆಮರೆಸಿಕೊಂಡರು. 2013ರ ಏಪ್ರಿಲ್‌ನಲ್ಲಿ ಶೀತಲ್ ಸಾಠೆ, ಸಚಿನ್ ಮಾಳಿ ಮುಂಬೈ ವಿಧಾನಭವನದ ಎದುರಿಗೇ ಬಂದು ನಿಂತರು. ಪೊಲೀಸರು ಹಿಡಿದುಕೊಂಡು ಹೋದರು.