ತೊಗಲಿಗೆ ಜೀವ ಕೊಟ್ಟವರು



ಶಿಲ್ಪ ಅಂದ ಕೂಡಲೇ ನಮಗೆ ನೆನಪಾಗೋದು ಗುಡಿಯ ಕಲ್ಲು. ಅದು ನಿಂತಲ್ಲೇ ನಿಂತಿರುತ್ತದೆ. ಅಲುಗಾಡುವ ಶಿಲ್ಪದ ಮಾತು ಬಂದರೆ ಅಮೆರಿಕದ ಅಲೆಕ್ಸಾಂಡರ್ ಕಾಲ್ಡರ್ ಹೆಸರು ಹೇಳುತ್ತಾರೆ. ಅವರು ಮಾಡಿದ ಶಿಲ್ಪಗಳಿಗೆ ‘ಮೊಬೈಲ್’ ಅನ್ನೋ ಹೆಸರು ಬಂದದ್ದು 1931ರಲ್ಲಿ. ಅದಕ್ಕೂ ಎಷ್ಟೋ ತಲೆಮಾರು ಮುಂಚೆ ನಮ್ಮ ಊರುಗಳ ಬಯಲಲ್ಲಿ ಕುಣಿದ ಆಕೃತಿಗಳಿವೆ. ಅವೇ ತೊಗಲುಗೊಂಬೆಗಳು. ನಮ್ಮ ಕಡೆ ತೆಲುಗಿನಲ್ಲಿ ತೋಲುಬೊಮ್ಮ ಅಂತಾರ.

ಇವನ್ನು ಹೆಂಗ ಮಾಡ್ತಾರ ನೋಡ್ರಿ. ಆಡಿನ ಚರ್ಮದ ಕೂದಲು ಕೆರೆದು, ಬೆಳಕು ತೂರುವಷ್ಟು ತೆಳ್ಳಗೆ ಮಾಡಿ, ಬಿಗಿದು ಒಣಗಿಸುತ್ತಾರೆ. ಚಿತ್ರ ಬರೆದು, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಎರಡೂ ಮಗ್ಗುಲಿಗೆ ಬಣ್ಣ ಹಚ್ಚುತ್ತಾರೆ. ಕೆಲವು ಗೊಂಬೆ ಒಂದೇ ತುಂಡು. ಕೆಲವಕ್ಕೆ ಕೈ, ಕಾಲು, ತಲೆ ಬೇರೆ ಕತ್ತರಿಸಿ ದಾರದಿಂದ ಕೀಲು ಕಟ್ಟುತ್ತಾರೆ. ಆಂಧ್ರದ ಕಡೆ ಆಳೆತ್ತರದ ಗೊಂಬೆಗಳೂ ಇವೆ. ರಾತ್ರಿ ಬಯಲಲ್ಲಿ ಬಿಳಿ ಪರದೆ ಕಟ್ಟಿ, ಹಿಂದೆ ದೀಪ ಇಟ್ಟು ಕುಣಿಸಿದರೆ ರಾಮ, ರಾವಣ ಎದ್ದು ಬರುತ್ತಾರೆ. ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ನಗಿಸುತ್ತಾರೆ. ಮಳೆ ಬರದಿದ್ದರೂ ಈ ಆಟ ಆಡಿಸುತ್ತಿದ್ದರು.

ಇಲ್ಲೇ ಒಂದು ಪ್ರಶ್ನೆ ಏಳುತ್ತದೆ. ಚರ್ಮ ಮುಟ್ಟಿದವರು ಮೈಲಿಗೆ ಅಂತ ನಮ್ಮವರನ್ನು ಊರ ಹೊರಗೆ ಇಟ್ಟರು. ಅದೇ ಚರ್ಮ ರಾಮನಾಗಿ ಪರದೆ ಮೇಲೆ ಬಂದಾಗ ಊರಿಗೆ ಊರೇ ಕೈಮುಗಿಯಿತು. ಹಂಗಾದ್ರ ಮೈಲಿಗೆ ಇದ್ದದ್ದು ಚರ್ಮದಲ್ಲೋ, ನೋಡುವ ಕಣ್ಣಲ್ಲೋ? ದೀಪಾವಳಿ ಆದ ಮೇಲೆ ನಡೆಯುವ ಕುರುಮೂರ್ತಿ ಜಾತ್ರೆಯನ್ನೇ ನೆನೆಸಿಕೊಳ್ಳಿ. ದೇವರ ತೊಗಲಿನ ಪಾದುಕೆ ಹೊಲಿಯೋದು ವಡ್ಡೆಮಾನ್ ಊರಿನ ದಲಿತರು. ಆ ಉದ್ದಾಲು ಮೆರವಣಿಗೆಯಲ್ಲಿ ಹೋಗುವಾಗ ಎಲ್ಲ ಜಾತಿಯವರೂ ತಲೆಬಾಗುತ್ತಾರೆ. ಹೊಲಿದ ಕೈಗೆ ಆ ಮರ್ಯಾದೆ ವರ್ಷವಿಡೀ ಸಿಕ್ಕಿದೆಯೇ?

ಗೊಂಬೆ ಆಡಿಸುವ ಸಿಳ್ಳೇಕ್ಯಾತರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದಾರೆ. ಆ ಸಮುದಾಯದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಆಗ ಅಜ್ಜಿಗೆ ವಯಸ್ಸು 96. ಊರು ಕೊಪ್ಪಳದ ಮೋರನಾಳ. ಅದು ದೂರದ ಊರು ಅನ್ನಬೇಡಿ. 1956ರಲ್ಲಿ ಭಾಷಾವಾರು ಪ್ರಾಂತ್ಯ ಆಗುವವರೆಗೆ ನಮ್ಮ ಗದ್ವಾಲ, ಅವರ ಕೊಪ್ಪಳ ಎರಡೂ ರಾಯಚೂರು ಜಿಲ್ಲೆಯಲ್ಲೇ ಇದ್ದವು. ಆಂಧ್ರದ ನಿಮ್ಮಲಕುಂಟದ ದಳವಾಯಿ ಚಲಪತಿರಾವ್ ಅವರಿಗೂ ಇದೇ ಕಲೆಗಾಗಿ 2020ರಲ್ಲಿ ಪದ್ಮಶ್ರೀ ಸಿಕ್ಕಿತ್ತು.

ಈ ಗೌರವ ದೊಡ್ಡದು, ಆದರೆ ತಡವಾಗಿ ಬಂತು. ಸಿನಿಮಾ, ಟಿವಿ ಬಂದ ಮೇಲೆ ಎಷ್ಟೋ ಮನೆತನಗಳು ಗೊಂಬೆಗಳನ್ನು ಪೆಟ್ಟಿಗೆಗೆ ಹಾಕಿ ಕೂಲಿಗೆ ಹೋದವು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಗೆಳೆಯರೇ, ನಮ್ಮ ಓಣಿಯಲ್ಲೂ ಹಲಗಿ ಬಿಗಿಯುವ, ಚಪ್ಪಲಿ ಹೊಲಿಯುವ, ತೊಗಲಿನ ಹದ ಬಲ್ಲ ಹಿರಿಯರಿದ್ದಾರೆ. ಮುಂದಿನ ವಾರ್ಷಿಕೋತ್ಸವದೊಳಗೆ ಅವರ ಹತ್ತಿರ ಕೂತು, ಅವರ ಹೆಸರು, ಅವರ ಕೆಲಸ ಬರೆದುಕೊಳ್ಳೋಣ. ‘ಕೂಲಿ’ ಅಂತ ಅಲ್ಲ, ‘ಕಲಾವಿದ’ ಅಂತ.